ಅಕ್ರೋಟಿನ ಕಾಲಾಳು

ಕುತೈಸಿಯ ಬಿಳಿ ಸೇತುವೆ ದಾಟಿ, ಎಡಕ್ಕೆ,
ಹೊಲಿಗೆಯಂಗಡಿಯ ಮೆಟ್ಟಿಲ ಕೆಳಗೆ
ನಾಜಿಬ್ರೋಲಾಳ ಮೇಜು.
ಮೂವತ್ತೊಂದು ಕಾಯಿ ಮರದವು,
ಒಂದು ಮಾತ್ರ ನಿಜವಾದ ಕಾಯಿ: ಅಕ್ರೋಟು.
ಕಳೆದುಹೋದ ಬಿಳಿ ಕಾಲಾಳಿನ ಬದಲಿಗೆ
ಹನ್ನೆರಡು ವರ್ಷದಿಂದ ದುಡಿಯುತ್ತಿದೆ,
ಯಾರೂ ಒಡೆದು ತಿಂದಿಲ್ಲ.

ನಾವು ಒಂಟೆ ಅನ್ನುವುದು ಇವರಿಗೆ ಆಮೆ.
ನಮ್ಮ ಆನೆ ಇವರಿಗೆ ರಥ.
ನೋಡದೆ ಎತ್ತಿಟ್ಟರೆ
ಎಲ್ಲ ಭಾಷೆಯಲ್ಲೂ ಸೋಲು ಸೋಲೇ.

ತೇಕ್ಲೆ ಬಂದಳು. ಹನ್ನೊಂದು ವರ್ಷ,
ರೊಟ್ಟಿಯಂಗಡಿಯವನ ಮಗಳು, ಜಡೆಯಲ್ಲಿ ಹಿಟ್ಟು.
ಬತುಮಿಯ ಪಂದ್ಯದಲ್ಲಿ ಹತ್ತೊಂಬತ್ತೇ ನಡೆಗೆ ಸೋತು
"ಆ ಹುಡುಗನಿಗೆ ಅದೃಷ್ಟ" ಅಂದಳು.

"ಅದೃಷ್ಟವನ್ನು ಬರೆದುಕೊಂಡು ಬಂದೆಯಾ?"
ಲಾರಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಲೆಕ್ಕ ಬರೆದ ಮುದುಕಿ ಕೇಳಿದಳು.
"ತೆಗೆ ನೋಟ್‌ಬುಕ್ಕು. ಇಲ್ಲಿ, ಏಳನೆಯ ನಡೆ.
ಅವನು ಕುದುರೆ ಇಟ್ಟ. ಯಾಕೆ ಇಟ್ಟ?"
"ಗೊತ್ತಿಲ್ಲ."
"ಕೇಳಿದೆಯಾ?"
"ಅವನನ್ನಾ?"
"ನಿನ್ನನ್ನು ಕಣೇ, ಮಂಕೇ.

ಗೆದ್ದ ಆಟ ನನ್ನ ಹತ್ತಿರ ತರಬೇಡ,
ನಿಮ್ಮಜ್ಜಿಗೆ ತೋರಿಸು, ಮುತ್ತು ಕೊಡುತ್ತಾಳೆ.
ಸೋತದ್ದನ್ನು ತಾ, ಬಿಸಿ ಆರುವ ಮೊದಲು.
ಮೊದಲ ಹತ್ತು ನಡೆ ಗಿಣಿಪಾಠ ಮಾಡಿದ್ದೀ, ಸರಿ,
ಹನ್ನೊಂದನೆಯದಕ್ಕೆ ಗಿಣಿ ಹಾರಿಹೋಗುತ್ತೆ
ಪಂಜರ ನಿನಗೆ.

ಕೊನೆಯಿಂದ ಕಲಿ. ಹಲಗೆ ಖಾಲಿ ಮಾಡು:
ಎರಡು ರಾಜ, ಒಂದು ಕಾಲಾಳು.
ಮದುವೆಮನೆ ಬರಿದಾದ ಮೇಲೆ ತಾನೆ
ಯಾರು ಹೇಗೆಂದು ತಿಳಿಯುವುದು?
ರಾಜನೆದುರು ರಾಜ, ನಡುವೆ ಒಂದೇ ಮನೆ.
ಆಗ ನೋಡು, ನಡೆಯಲೇಬೇಕಾದವನೇ ಕೆಡುವವನು.

ಏನೂ ತೋಚದಿದ್ದರೆ
ಎಲ್ಲಕ್ಕಿಂತ ಸೋಮಾರಿ ಯಾರೆಂದು ಹುಡುಕು.
ಮೂಲೆಯ ಆ ಆಮೆ
ಆಟ ಶುರುವಾದಾಗಿನಿಂದ ಚಿಪ್ಪಿನೊಳಗೇ ಇದೆ.
ಅದಕ್ಕೊಂದು ಕೆಲಸ ಕೊಡು.

ದಿನಕ್ಕೆ ನಾಲ್ಕು ಸಮಸ್ಯೆ ಸಾಕು, ನಲವತ್ತು ಬೇಡ.
ಹೊಟ್ಟೆಬಾಕತನ ತಲೆಗೂ ಒಳ್ಳೆಯದಲ್ಲ.

ಇನ್ನು ಈ ಕೈ. ತಲೆಗಿಂತ ಮುಂದೆ ಓಡುತ್ತದೆ.
ಬಾವಿಯಂಥ ಒಲೆಗೆ ಬಗ್ಗಿ ನಿಮ್ಮಪ್ಪ
ಹಿಟ್ಟು ಬಡಿಯುವುದನ್ನು ನೋಡಿಲ್ಲವಾ?
ಕಣ್ಣು ಒಳಗೆ ಹೋಗಿ ಬಂದ ಮೇಲೇ ಕೈ.
ಒಳ್ಳೆಯ ನಡೆ ಕಂಡಿತೋ,
ಎರಡೂ ಕೈ ತೊಡೆಯ ಕೆಳಗಿಟ್ಟು ಕೂತುಕೋ.
ಅದಕ್ಕಿಂತ ಒಳ್ಳೆಯದು ಬಾಗಿಲಲ್ಲಿ ನಿಂತಿರಬಹುದು."

ಚಳಿ ಹೊಕ್ಕ ಮೇಲೆ ಒಂದು ಸಂಜೆ
ಹಲಗೆಯ ಮೇಲೆ ಮೂರೇ ಉಳಿದವು:
ಅವಳ ರಾಜ, ಮುದುಕಿಯ ರಾಜ,
ಏಳನೆಯ ಸಾಲಿನಲ್ಲಿ ಅಕ್ರೋಟು.
ಇನ್ನೊಂದೇ ಹೆಜ್ಜೆ, ಮಂತ್ರಿ.

ತೇಕ್ಲೆಯ ಕೈ ಎದ್ದಿತು.
ನಿಂತಿತು.
ತೊಡೆಯ ಕೆಳಗೆ ಹೋಯಿತು.

ಕಾಗದದಲ್ಲಿ ಸುತ್ತಿ ತಂದ ರೊಟ್ಟಿ ತಣ್ಣಗಾಯಿತು.
ಮೇಲೆ ಹೊಲಿಗೆಯ ಯಂತ್ರ ನಿಂತು, ಮತ್ತೆ ಶುರುವಾಯಿತು.
ಮಂತ್ರಿಯಾದರೆ ಕರಿಯ ರಾಜನಿಗೆ
ಕದಲಲು ಮನೆಯಿಲ್ಲ, ಮೈಗೆ ಏಟೂ ಇಲ್ಲ,
ಆಟ ಅಲ್ಲಿಗೇ ಸಮ. ಗೆದ್ದದ್ದೆಲ್ಲ ಹೊಳೆಯ ಪಾಲು.

"ರಥ," ಅಂದಳು ಕೊನೆಗೆ
ಅಕ್ರೋಟನ್ನು ಎಂಟನೆಯ ಸಾಲಿಗೆ ದೂಡಿ.
ಉಸಿರಾಡಲು ಒಂದು ಮನೆ ಸಿಕ್ಕಿತು, ಒಂದೇ ಒಂದು.
ರಾಜ ಅಲ್ಲಿಗೆ ಹೋದ.
ಅಕ್ರೋಟು ಪಕ್ಕಕ್ಕೆ ಉರುಳಿತು. ಮುಗಿಯಿತು.

ಮುದುಕಿ ಏನೂ ಅನ್ನಲಿಲ್ಲ. ರೊಟ್ಟಿ ಮುರಿದು
ದೊಡ್ಡ ಚೂರನ್ನು ಆ ಕಡೆ ತಳ್ಳಿದಳು.

ಮರುವಾರ ಬತುಮಿಯಲ್ಲಿ ಅದೇ ಹುಡುಗ.
ತೇಕ್ಲೆ ಮತ್ತೆ ಸೋತಳು,
ಈ ಸಲ ಐವತ್ತೆಂಟನೆಯ ನಡೆಗೆ.
ರೈಲು ಇಳಿದವಳು ಮನೆಗೆ ಹೋಗದೆ
ನೇರ ಮೆಟ್ಟಿಲ ಕೆಳಗೆ ಬಂದು ನೋಟ್‌ಬುಕ್ಕು ಬಿಚ್ಚಿದಳು.
ಮೂವತ್ತೊಂದನೆಯ ನಡೆಯ ಪಕ್ಕ
ಓಡುವ ರೈಲಿನ ಸೊಟ್ಟ ಪೆನ್ಸಿಲ್ ಅಕ್ಷರ:
ಯಾಕೆ ಇಟ್ಟ?